ಆಯೋಗದ ವರದಿ, ನಮ್ಮ ಮನೆಯ ಉತ್ತರ

(ದುಬೈಯಲ್ಲಿ ನಡೆದ ಸದಸ್ಯರ ಹಾಗೂ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇದಿಕೆಯಲ್ಲಿರುವ ಹಿರಿಯರೇ, ಸೋನಾಪುರ, ಅಲ್ ಕೂಝ್ ಕಡೆಯಿಂದ ಡ್ಯೂಟಿ ಮುಗಿಸಿ ನೇರ ಬಂದಿರುವ ಸಹೋದರರೇ, ಅಬುಧಾಬಿಯ ಮುಸಫ್ಫದಿಂದ ಬಸ್ ಮಾಡಿಕೊಂಡು ಬಂದವರೇ, ತಾಯಂದಿರೇ, ಸಹೋದರಿಯರೇ,

ಇವತ್ತಿನ ವಿಷಯ 'ಸರಕಾರಿ ಆಯೋಗಗಳು'. ಕೇಳಿದ ಕೂಡಲೇ ಕೆಲವರು ಊಟದ ಕಡೆ ನೋಡಿದ್ದು ನಮಗೆ ಕಂಡಿದೆ. ಬೇಸರ ಇಲ್ಲ. ಊರಲ್ಲಿ ಏನಾದರೂ ಆದರೆ "ಒಂದು ಆಯೋಗ ಮಾಡಬೇಕು" ಅಂತ ಮೊದಲು ಹೇಳುವವರೂ ನಾವೇ, ಆಯೋಗ ಆದ ಮೇಲೆ "ಅದೆಲ್ಲ ಕಪಾಟಿಗೆ ಹೋಗುವ ಕಾಗದ" ಅಂತ ನಗುವವರೂ ನಾವೇ. ಎರಡೂ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧದ ಬಗ್ಗೆ ಇವತ್ತು ಮಾತಾಡೋಣ.

ಆಯೋಗ ಅಂದರೆ ಆಡಳಿತಕ್ಕೆ ತನ್ನ ದಿನನಿತ್ಯದ ಕೆಲಸದಲ್ಲಿ ತಿಳಿಯದ್ದನ್ನು ತಿಳಿದುಕೊಡಲು ನೇಮಿಸುವ ಮಂಡಳಿ. ಕೆಲವು ಕಾಯಂ ಇರುತ್ತವೆ, ಹಿಂದುಳಿದ ವರ್ಗಗಳ ಆಯೋಗದ ಹಾಗೆ. ಕೆಲವು ಒಂದು ಘಟನೆಗೆ ಹುಟ್ಟಿ, ವರದಿ ಕೊಟ್ಟು ಮುಗಿಯುತ್ತವೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾದರೆ ಸಾಕ್ಷಿಗಳನ್ನು ಕರೆಸುವ, ಪ್ರಮಾಣ ಮಾಡಿಸಿ ಕೇಳುವ, ದಾಖಲೆ ತರಿಸುವ ಅಧಿಕಾರ ಇರುತ್ತದೆ. ಆದರೆ ಅದು ತೀರ್ಪು ಕೊಡುವ ಕೋರ್ಟಲ್ಲ. ಅದು ಬರೆಯುವುದು ಶಿಫಾರಸು. ಸರಕಾರ ಒಪ್ಪಲೂಬಹುದು, ಬಿಡಲೂಬಹುದು. ವರದಿ ಸಿಕ್ಕಿದ ಆರು ತಿಂಗಳೊಳಗೆ, ತಾನು ಏನು ಕ್ರಮ ಕೈಗೊಂಡೆ ಎಂಬ ವಿವರದ ಜೊತೆ ಅದನ್ನು ಸದನದ ಮುಂದೆ ಇಡಬೇಕು ಎಂದಷ್ಟೇ ಕಾಯ್ದೆ ಹೇಳುತ್ತದೆ.

ಒಪ್ಪದೆ ಬಿಟ್ಟದ್ದಕ್ಕೆ ಉದಾಹರಣೆ ಬೇಕಾದರೆ ನಮ್ಮಲ್ಲಿರುವ ಮಂಜೇಶ್ವರ, ಉಪ್ಪಳದವರನ್ನು ಕೇಳಿ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು, 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಮುಂದೆ ಮಹಾಜನ್ ಆಯೋಗ 1967ರಲ್ಲಿ, ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ, ಅಂದರೆ ಆಗಿನ ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು. ಮೊದಲಿನದ್ದು ಜಾರಿಯಾಯಿತು, ಎರಡನೆಯದ್ದು ಆಗಲಿಲ್ಲ. ಉಮ್ಮನ ಮನೆ ಆಚೆ, ಉಪ್ಪನ ಮನೆ ಈಚೆ ಇರುವ ನಮ್ಮವರಿಗೆ ಆ ಗೆರೆ ಎಷ್ಟು ದಪ್ಪ ಅಂತ ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಬರಬೇಕಾದ ರೋಗಿಗಳು ಆಚೆಯೇ ಉಳಿದರು.

ಈಗ ನಮ್ಮೆಲ್ಲರ ಎದೆಗೆ ಹತ್ತಿರದ ಒಂದು ವಿಚಾರಣೆ. 2010ರ ಮೇ 22, ಶನಿವಾರ ಬೆಳಿಗ್ಗೆ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಮಂದಿ ತೀರಿಹೋದರು. ಅಲ್ಲಾಹು ಅವರಿಗೆಲ್ಲ ಮಗ್ಫಿರತ್ ನೀಡಲಿ. ಆ ವಿಮಾನದಲ್ಲಿ ಗುರುತಿನವರು ಯಾರೂ ಇರಲಿಲ್ಲ ಎನ್ನುವ ಮನೆ ನಮ್ಮ ಕಡೆ ಸಿಗುವುದು ಕಷ್ಟ.

ಕೇಂದ್ರ ಸರಕಾರ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದಲ್ಲಿ ವಿಚಾರಣಾ ನ್ಯಾಯಾಲಯ ನೇಮಿಸಿತು. ಹೆಸರು ನ್ಯಾಯಾಲಯ ಅಂತ ಇದ್ದರೂ ಕೆಲಸ ಆಯೋಗದ್ದೇ. 1952ರ ಕಾಯ್ದೆಯಡಿ ಅಲ್ಲ, 1937ರ ವಿಮಾನ ನಿಯಮಗಳಡಿ ಆದದ್ದು. ಧ್ವನಿಮುದ್ರಿಕೆ ಕೇಳಿ ಅವರು ಕಂಡುಕೊಂಡದ್ದು: ಹಾರಾಟದ ಬಹುಪಾಲು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ವಿಮಾನ ತೀರಾ ಎತ್ತರದಿಂದ ಇಳಿಯುತ್ತಿತ್ತು, ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಲು ಹೊರಟರು. ರನ್‌ವೇ ಆಚೆಗಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ತಾಗಿತ್ತು. ಅಂಥ ಕಟ್ಟೆ ಗಟ್ಟಿ ಇರಬಾರದು, ತಾಗಿದರೆ ಮುರಿದುಬೀಳುವಂತೆ ಇರಬೇಕು, ಗುಡ್ಡದ ತಲೆಯ ಮೇಲಿನ ರನ್‌ವೇಗಳಲ್ಲಿ ಹೊರಗೆ ಓಡಿದ ವಿಮಾನಕ್ಕೆ ರಕ್ಷಣೆ ಬೇಕು, ತನಿಖೆಗೆ ಸ್ವತಂತ್ರ ಸಂಸ್ಥೆ ಬೇಕು ಎಂದೆಲ್ಲ ವರದಿ ಬರೆಯಿತು.

ಇದರಿಂದ ಏನಾಯಿತು? 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋ ಹುಟ್ಟಿತು. ಮೊದಲು ವಿಮಾನ ಕಂಪೆನಿಗಳಿಗೆ ಅನುಮತಿ ಕೊಡುವ ಇಲಾಖೆಯೇ ತನಿಖೆಯನ್ನೂ ನೋಡುತ್ತಿತ್ತು. ಅಷ್ಟು ಬದಲಾವಣೆ ಆಯಿತು. ಆದರೆ 2020ರ ಆಗಸ್ಟ್ 7ರಂದು ಪುನಃ ದುಬೈಯಿಂದ ಹೋದ ಅದೇ ಕಂಪೆನಿಯ ವಿಮಾನ, ಪುನಃ ಗುಡ್ಡದ ಮೇಲಿನ ರನ್‌ವೇ, ಈ ಸಲ ಕೋಝಿಕ್ಕೋಡ್. 21 ಮಂದಿ ಹೋದರು. ಬ್ಯೂರೋದ ವರದಿಯಲ್ಲಿ ಪುನಃ ಅದೇ ಮಾತು: ಸ್ಥಿರವಿಲ್ಲದ ಇಳಿಕೆ, ಮೇಲೇರಲು ಹೇಳಿದ ಸಹ ಪೈಲಟ್‌ನ ಮಾತು ಕೇಳದ ಕ್ಯಾಪ್ಟನ್. ಹತ್ತು ವರ್ಷದ ಹಿಂದೆಯೇ ಬರೆದಿಟ್ಟದ್ದನ್ನು ಕಾಕ್‌ಪಿಟ್ ತನಕ ತಲುಪಿಸುವುದು ಆಡಳಿತದ ಕೆಲಸವಾಗಿತ್ತು. ನಮಗೆ ಸಿಟ್ಟು ಬರುವುದು ಇಲ್ಲೇ.

ಇನ್ನೊಂದು. ಕಾರಣ ಹುಡುಕುವುದು ಆ ವಿಚಾರಣೆಯ ಕೆಲಸ, ಪರಿಹಾರ ಕೊಡಿಸುವುದು ಅದರ ಕೆಲಸವಲ್ಲ. "ವರದಿ ಬಂದಿದೆಯಲ್ಲ, ದುಡ್ಡೂ ಬರುತ್ತದೆ" ಎಂದು ಕೂತ ಮನೆಗಳಿಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಗಲ್ಫ್‌ನಲ್ಲಿ ಹುದ್ದೆಯಲ್ಲಿದ್ದ ಒಬ್ಬರ ಕುಟುಂಬ ಬಿಡದೆ ಹೋರಾಡಿದ್ದಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 7.64 ಕೋಟಿ ರೂಪಾಯಿ ಎಂದು ತೀರ್ಮಾನಿಸಿತು. ಲೆಕ್ಕ ಹಾಕಿದ್ದು ಅವರ ಸಂಬಳದ ದಾಖಲೆಗಳ ಮೇಲೆ. ಸಂಬಳದ ಸರ್ಟಿಫಿಕೇಟು, ಕೆಲಸದ ಕರಾರು, ಬ್ಯಾಂಕಿನ ಪಟ್ಟಿ, ಇವುಗಳ ಒಂದೊಂದು ಪ್ರತಿ ಊರಿನ ಮನೆಯಲ್ಲೂ ಇರಲಿ ಅಂತ ನಮ್ಮ ಸಂಘ ಪದೇಪದೇ ಹೇಳುವುದು ಸುಮ್ಮನೆ ಅಲ್ಲ.

ಇನ್ನು ಮಕ್ಕಳ ವಿಷಯ. ಕರ್ನಾಟಕದಲ್ಲಿ ಹಿಂದುಳಿದವರು ಯಾರು ಎಂದು ಕೇಳುತ್ತಾ ಬಂದ ಆಯೋಗಗಳ ಸಾಲು ಉದ್ದ ಇದೆ. ಮೈಸೂರು ಮಹಾರಾಜರ ಕಾಲದ ಮಿಲ್ಲರ್ ಸಮಿತಿ, ದೇವರಾಜ ಅರಸರ ಕಾಲದ ಹಾವನೂರು ಆಯೋಗ, ಆಮೇಲೆ ವೆಂಕಟಸ್ವಾಮಿ ಆಯೋಗ, ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗ. 1986ರ ವೆಂಕಟಸ್ವಾಮಿ ವರದಿಯನ್ನು ಸರಕಾರವೇ ಒಪ್ಪಲಿಲ್ಲ, ಬಲಾಢ್ಯ ಸಮುದಾಯಗಳ ವಿರೋಧ ಅಷ್ಟಿತ್ತು. ಈ ಹಾದಿಯ ಕೊನೆಗೆ 1995ರಲ್ಲಿ ದೇವೇಗೌಡರ ಸರಕಾರ 2ಬಿ ಎಂಬ ಪ್ರವರ್ಗದಲ್ಲಿ ಮುಸ್ಲಿಮರಿಗೆ ಶೇ. 4 ಮೀಸಲಾತಿ ಕೊಟ್ಟಿತು. ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯ ನಮ್ಮ ಎಷ್ಟೋ ಹುಡುಗಿಯರು ಇಂಜಿನಿಯರಿಂಗ್, ಮೆಡಿಕಲ್ ಸೀಟು ತಗೊಂಡದ್ದು ಆ ಸರ್ಟಿಫಿಕೇಟಿನ ಮೇಲೆ.

2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರಕಾರ ಅದನ್ನು ತೆಗೆದು, ಒಕ್ಕಲಿಗರಿಗೂ ಲಿಂಗಾಯತರಿಗೂ ಶೇ. 2ರಂತೆ ಹಂಚಿ, ನಮ್ಮನ್ನು ಆರ್ಥಿಕ ದುರ್ಬಲರ ಶೇ. 10ರ ಕೋಟಾಕ್ಕೆ ಕಳಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ ನ್ಯಾಯಪೀಠ ಮೊದಲು ನೋಡಿದ್ದೇ ತಳಹದಿಯನ್ನು. ಆಯೋಗದ ಮಧ್ಯಂತರ ವರದಿ ಇಟ್ಟುಕೊಂಡು ಅಂತಿಮ ವರದಿಗೆ ಕಾಯದೆ ಮಾಡಿದ ತೀರ್ಮಾನ ಮೇಲ್ನೋಟಕ್ಕೇ ಬಹಳ ದುರ್ಬಲ ಎಂದಿತು. ಸರಕಾರ ಸದ್ಯ ಜಾರಿ ಮಾಡುವುದಿಲ್ಲ ಎಂದು ಒಪ್ಪಿಕೊಂಡಿತು. 'ಕಪಾಟಿನ ಕಾಗದ' ಎಂದು ನಗುವವರು ಇದನ್ನು ಸ್ವಲ್ಪ ನೆನಪಿಡಬೇಕು. ಸರಿಯಾದ ವರದಿ ಇಲ್ಲದೆ ಕೊಡಲೂ ಆಗುವುದಿಲ್ಲ, ಕಸಿಯಲೂ ಆಗುವುದಿಲ್ಲ.

ಹಾಗಂತ ಬರೀ ವರದಿಯನ್ನು ನಂಬಿ ಕೂರಲೂ ಆಗುವುದಿಲ್ಲ. ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಪಾರ್ಲಿಮೆಂಟಿನ ಮುಂದೆ ಬಂತು, ಆ ಕಾಲದಲ್ಲಿ ನಮ್ಮ ಮಕ್ಕಳಿಗೆ ವಿದ್ಯಾರ್ಥಿವೇತನವೂ ಬಂತು. 2022ರಲ್ಲಿ ಒಂದರಿಂದ ಎಂಟನೇ ತರಗತಿವರೆಗಿನ ಆ ಕೇಂದ್ರ ವಿದ್ಯಾರ್ಥಿವೇತನ ನಿಂತಿತು. ವರದಿ ಇದ್ದಲ್ಲೇ ಇದೆ.

ಕರ್ನಾಟಕದಲ್ಲಿ 2015ರಲ್ಲಿ ಕಾಂತರಾಜ ಆಯೋಗ ಮನೆಮನೆ ಸಮೀಕ್ಷೆ ಮಾಡಿತು. ಜಯಪ್ರಕಾಶ್ ಹೆಗ್ಡೆಯವರ ಕೈಯಿಂದ ವರದಿ ಸರಕಾರಕ್ಕೆ ಸೇರಿದ್ದು 2024ರ ಫೆಬ್ರವರಿ ಕೊನೆಗೆ. ಅಷ್ಟರಲ್ಲಿ ಅಂಕಿಅಂಶಕ್ಕೇ ಹತ್ತು ವರ್ಷ ಹತ್ತಿರ ಬಂತು. ಪಟ್ಟಿಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂಬ ಕಾಯ್ದೆ ತೋರಿಸಿ 2025ರ ಸೆಪ್ಟೆಂಬರ್ 22ರಿಂದ ಮಧುಸೂದನ್ ನಾಯ್ಕ್ ಅವರ ಆಯೋಗ ಹೊಸ ಸಮೀಕ್ಷೆ ಶುರುಮಾಡಿತು. 60 ಪ್ರಶ್ನೆಗಳು, ಕೇಳಲು ಬಂದವರು ಶಾಲೆಯ ಮೇಷ್ಟ್ರುಗಳು, ಟೀಚರ್‌ಗಳು. ಉತ್ತರಿಸುವುದು ಅವರವರ ಇಚ್ಛೆ, ವಿವರ ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಹೇಳಿತು.

ಆಗ ನಮ್ಮ ಸಂಘದ ಫೋನಿಗೆ ಬಂದ ಪ್ರಶ್ನೆಗಳೇ ನಮಗೆ ಪಾಠ. ಬಾಗಿಲು ತೆರೆಯುವುದು ಉಮ್ಮ, ಇಲ್ಲವೇ ಹೆಂಡತಿ. "ಮಗ ಗಲ್ಫಲ್ಲಿದ್ದಾನೆ, ಅವನನ್ನೇ ಕೇಳಬೇಕು" ಅಂತ ಹೇಳಿ ಕಳಿಸಿದವರು ಇದ್ದಾರೆ. ಜಾತಿ ಅಂತ ಕೇಳಿದಾಗ ನಮಗೆ ಜಾತಿ ಇಲ್ಲ ಅಂದವರು ಇದ್ದಾರೆ. ಅದು ದೀನಿನ ದೃಷ್ಟಿಯಿಂದ ಸರಿ, ಆದರೆ ಅಲ್ಲಿ ಕೇಳುವುದು ಸಮುದಾಯದ ಗುರುತು, ಬ್ಯಾರಿ ಅಂತ ಹೇಳಲು ಸಂಕೋಚ ಬೇಡ. ಮಾತೃಭಾಷೆಯ ಕಾಲಂನಲ್ಲೂ ಹಾಗೆ. ಮನೆಯಲ್ಲಿ ಬ್ಯಾರಿ ಮಾತಾಡಿ ಫಾರ್ಮಿನಲ್ಲಿ ಬೇರೆ ಭಾಷೆ ಬರೆಸಿದರೆ ಆ ಲೆಕ್ಕ ಬೇರೆಯವರದ್ದಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಮನೆಗಳು ನೋಡಲು ಚಂದ. ತಾರಸಿ, ಟೈಲ್ಸ್, ಗೇಟು. ಒಳಗೆ ಬಂದವರಿಗೆ ಇದು ಹಣವಂತರ ಮನೆ ಅಂತ ಕಾಣುತ್ತದೆ. ಆ ಟೈಲ್ಸ್ ಹಾಕಿಸಿದವ ಇಲ್ಲಿ ಒಂದು ರೂಮಿನಲ್ಲಿ ಎಂಟು ಜನರೊಟ್ಟಿಗೆ ಮಲಗುತ್ತಾನೆ, ವೀಸಾ ಮುಗಿದರೆ ಕೆಲಸ ಇಲ್ಲ, ಬ್ಯಾಂಕಿನ ಕಂತು ಬಾಕಿ ಇದೆ ಎಂಬುದು ಗೋಡೆಯಲ್ಲಿ ಕಾಣುವುದಿಲ್ಲ. ನೆರೆಮನೆಯವರ ಎದುರು ಮರ್ಯಾದೆ ಹೋಗುತ್ತದೆಂದು ಸಾಲವನ್ನು ಮುಚ್ಚಿಟ್ಟರೆ ಆಯೋಗದ ಕಂಪ್ಯೂಟರಿಗೆ ಹೋಗುವುದು ಟೈಲ್ಸ್ ಮಾತ್ರ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅಂತ ಮನೆಯವರಿಗೆ ತಿಳಿಸಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

2027ರ ಜನಗಣತಿಯಲ್ಲಿ ದೇಶವ್ಯಾಪಿಯಾಗಿ ಜಾತಿಯನ್ನೂ ಕೇಳುವುದೆಂದು ಕೇಂದ್ರ ಸರಕಾರ ತೀರ್ಮಾನಿಸಿದೆ. ಮುಂದಿನ ಆಯೋಗಗಳು ಈ ಅಂಕಿಗಳನ್ನೂ ನೋಡದೆ ಇರಲಾರವು. ಆದ್ದರಿಂದ ನಮ್ಮ ಸಂಘ ಒಂದು ಕೆಲಸ ವಹಿಸಿಕೊಂಡಿದೆ. ಸಮೀಕ್ಷೆ, ಗಣತಿಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಬ್ಯಾರಿಯಲ್ಲಿ ಮಾತಾಡಿದ ಧ್ವನಿಯೊಂದಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಓದು ಬಾರದ ಉಮ್ಮಂದಿರಿಗೆ ಅದು ಬೇಕು. ರಜೆಗೆ ಹೋಗುವವರು ಹೆಸರನ್ನು ಹಿಂದಿನ ಮೇಜಿನಲ್ಲಿ ಬರೆಸಿ ಹೋಗಿ. ನಿಮ್ಮ ಜಮಾಅತಿನಲ್ಲಿ ಅಕ್ಕಪಕ್ಕದ ಹತ್ತು ಮನೆಗೆ ಕೂತು ವಿವರಿಸುವ ಕೆಲಸ ನಿಮಗೆ ಕೊಡಲಿಕ್ಕಿದೆ. ಈಗ ಪ್ರಶ್ನೆಗಳಿದ್ದರೆ ಕೇಳಿ, ಊಟ ಆಮೇಲೆ.