ಶಾಂತಿಸ್ಥಾಪನೆಯಲ್ಲಿ ಸ್ತ್ರೀಯರ ಸ್ಥಾನ
(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



 

ಕಾಳಗದ ಕಥೆಯನ್ನು ಕೇಳುವದರಲ್ಲಿ ಲೋಕಕ್ಕೆ ಬಹಳ ಆಸಕ್ತಿ. ಯಾರು ಗೆದ್ದರು, ಯಾರು ಬಿದ್ದರು ಎಂಬುದನ್ನು ಲಾವಣಿಕಾರನು ಡಪ್ಪು ಬಾರಿಸಿ ಹಾಡುತ್ತಾನೆ. ಆದರೆ ಕಾಳಗವು ಮುಗಿದ ಮರುದಿನ ಸುಟ್ಟ ಮನೆಗೆ ಮೇಲ್ಮುದ್ದೆ ಹಾಕಿಸಿದವರಾರು, ಚದರಿದ ಒಕ್ಕಲನ್ನು ಒಟ್ಟುಗೂಡಿಸಿದವರಾರು, ಮುರಿದುಬಿದ್ದ ಕಟ್ಟಳೆಯನ್ನು ಮತ್ತೆ ಕಟ್ಟಿದವರಾರು ಎಂಬುದನ್ನು ಹಾಡುವವರು ವಿರಳ. ಈ ಎರಡನೆಯ ಕಾರ್ಯದಲ್ಲಿ ಈ ನಾಡಿನ ಸ್ತ್ರೀಯರು ಪಡೆದ ಸ್ಥಾನವೆಂಥದು, ಇಂದು ಅವರಿಗೆ ಸಲ್ಲಬೇಕಾದ ಸ್ಥಾನವೆಂಥದು ಎಂಬುದೇ ಇಲ್ಲಿಯ ವಿಷಯವು.

ಅಣ್ಣಿಗೇರಿಯು ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರಕ್ಕೆ ರಾಜಧಾನಿಯಾಗಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ಚೋಳರಿಗೂ ಕಲ್ಯಾಣದ ಚಾಲುಕ್ಯರಿಗೂ ನಡೆದ ದೀರ್ಘ ಯುದ್ಧಗಳಲ್ಲಿ ಈ ಎರೆಯ ನಾಡು ತುಳಿತಕ್ಕೆ ಸಿಕ್ಕಿತು. ಚೋಳನು ಬೆಳ್ವೊಲವನ್ನು ಹೊಕ್ಕು ದೇವಾಲಯಗಳನ್ನು ಸುಡಿಸಿದನೆಂದು 1071-72ರ ಗಾವರವಾಡದ ಶಾಸನವು ಸಾರುತ್ತದೆ.

ಇದೇ ಯುದ್ಧಗಳ ಬಾಧೆಯು ಸೂಡಿಗೂ ತಟ್ಟಿದ್ದಿತು. ಸೂಡಿಯು 1997ರ ವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಅಂದಿನಿಂದ ಗದಗ ಜಿಲ್ಲೆಗೆ ಸೇರಿದ ಊರು. ಅಲ್ಲಿಯ ಆಳ್ವಿಕೆಯು ಅಕ್ಕಾದೇವಿ ಎಂಬ ರಾಜಕುಮಾರಿಯದಾಗಿದ್ದಿತು. ಈಕೆಯು ಉಡುತಡಿಯ ಅಕ್ಕಮಹಾದೇವಿಯಲ್ಲ. ಅವರಿಗಿಂತ ನೂರು ವರ್ಷ ಹಿಂದಿನವಳು. ಚಾಲುಕ್ಯ ಜಯಸಿಂಹನ ಸೋದರಿ, ಮೊದಲನೆಯ ಸೋಮೇಶ್ವರನಿಗೆ ಸೋದರತ್ತೆ. ಕಿಸುಕಾಡು ಎಪ್ಪತ್ತು ಮುಂತಾದ ನಾಡುಗಳನ್ನು ಆಳಿದವಳು. 1047ರಲ್ಲಿ ಗೋಕಾವಿಯ ಕೋಟೆಗೆ ಮುತ್ತಿಗೆ ಹಾಕಿದ್ದಳೆಂಬುದೂ ಶಾಸನಸಿದ್ಧ. ಶಾಸನಗಳು ಈಕೆಯನ್ನು ಗುಣದಬೆಡಂಗಿ ಎಂದು ಹೊಗಳುತ್ತವೆ.

ಆದರೆ ಈಕೆಯ ಮುತ್ತಿಗೆಗಿಂತ ಮಿಗಿಲಾದದ್ದು ಇನ್ನೊಂದು ಕಾರ್ಯ. ಚೋಳರ ಯುದ್ಧದ ಹೊಡೆತದಿಂದ ಸೂಡಿಯ ಊರ ಕಟ್ಟಳೆಯು ಸಡಿಲಿಹೋಗಿದ್ದಿತು. 1050ರ ಸುಮಾರಿಗೆ ಅಕ್ಕಾದೇವಿಯ ಆಳ್ವಿಕೆಯಲ್ಲಿ ಅಲ್ಲಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಆ ಕಟ್ಟಳೆಯನ್ನು ಹೊಸದಾಗಿ ಮಾಡಿಕೊಡಲಾಯಿತು. ಕತ್ತಿ ಹಿಡಿಯಬಲ್ಲವಳು ಕತ್ತಿಯನ್ನು ಕೆಳಗಿಟ್ಟು ಊರನ್ನು ಮತ್ತೆ ಕೂಡಿಸಿದಳು. ಶಾಂತಿಯೆಂದರೆ ಕೇವಲ ಕಾಳಗವಿಲ್ಲದಿರುವದಲ್ಲ; ಯಾರ ಹಕ್ಕು ಯಾವದು, ಯಾರ ಹೊಣೆ ಯಾವದು ಎಂಬುದನ್ನು ಎಲ್ಲರೂ ಒಪ್ಪಿ ಬಾಳುವದು. ಇದನ್ನು ಅಕ್ಕಾದೇವಿಯು ಅರಿತಿದ್ದಳು.

ಮುಂದಿನ ಶತಮಾನದಲ್ಲಿ ಅನುಭವಮಂಟಪವು ಸ್ತ್ರೀಯರಿಗೆ ಮಾತಿನ ಅಧಿಕಾರವನ್ನೇ ಕೊಟ್ಟಿತು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ದೊರೆತಿವೆ. ಕಲ್ಯಾಣದ ವಿಪ್ಲವವಾದಾಗ ಅಕ್ಕನಾಗಮ್ಮನವರು ಚೆನ್ನಬಸವಣ್ಣನವರೊಡನೆ ಶರಣಸಮೂಹವನ್ನು ಕಾಪಾಡಿಕೊಂಡು ಉಳವಿಯ ಕಡೆಗೆ ನಡೆದರೆಂದು ಸಂಪ್ರದಾಯವು ಹೇಳುತ್ತದೆ. ಇಂದಿಗೂ ಧಾರವಾಡ ಸೀಮೆಯ ಭಕ್ತರು ಚಕ್ಕಡಿ ಹೂಡಿಕೊಂಡು ಉಳವಿಯ ಜಾತ್ರೆಗೆ ಹೋಗುತ್ತಾರೆ. ಆ ಹಾದಿಯಲ್ಲಿ ಒಬ್ಬ ತಾಯಿಯ ಧೈರ್ಯವೂ ನಡೆದುಹೋಗಿದೆಯೆಂಬುದನ್ನು ಅವರು ಮರೆಯಬಾರದು.

ಕಿತ್ತೂರ ರಾಣಿ ಚೆನ್ನಮ್ಮನನ್ನು ಜನರು ಖಡ್ಗಧಾರಿಣಿಯಾಗಿಯೇ ನೆನೆಯುತ್ತಾರೆ. ಅದು ಯೋಗ್ಯವೇ. ಆದರೆ 1824ರಲ್ಲಿ ಖಡ್ಗವನ್ನು ಹಿರಿಯುವ ಮೊದಲು ಆಕೆಯು ಮುಂಬಯಿಯ ಗವರ್ನರನಿಗೆ ಪತ್ರ ಬರೆದು ಸಮಾಧಾನದ ದಾರಿಯನ್ನು ಹುಡುಕಿದಳು. ಅಕ್ಟೋಬರ 23ರ ಜಯದಲ್ಲಿ ಸೆರೆಸಿಕ್ಕ ಸ್ಟೀವನ್ಸನ್ ಮತ್ತು ಇಲಿಯಟ್ ಎಂಬ ಅಧಿಕಾರಿಗಳ ಜೀವಕ್ಕೆ ಕುಂದು ತಾರದೆ, ಸಂಧಿಯಾದೀತೆಂಬ ನಂಬಿಗೆಯಿಂದ ಅವರನ್ನು ಬಿಟ್ಟುಕೊಟ್ಟಳು. ನಂಬಿಗೆಯನ್ನು ಮುರಿದವರು ಎದುರು ಪಕ್ಷದವರು. ಡಿಸೆಂಬರದಲ್ಲಿ ಕಿತ್ತೂರು ಬಿದ್ದಿತು.

ಇವು ಹಿಂದಿನ ಮಾತುಗಳಾದವು. ಇತ್ತೀಚಿನದನ್ನು ನೋಡುವಾ. 1980ರ ಜುಲೈ 21ರಂದು ಮಲಪ್ರಭೆಯ ನೀರಿನ ಕರದ ಕಾರಣದಿಂದ ನವಲಗುಂದ-ನರಗುಂದಗಳಲ್ಲಿ ರೈತರ ರಕ್ತವು ಹರಿಯಿತು. 2016ರ ಜುಲೈಯಲ್ಲಿ ಮಹಾದಾಯಿಯ ನೀರಿಗಾಗಿ ನಡೆದ ಹೋರಾಟದಲ್ಲಿ ನವಲಗುಂದ ತಾಲೂಕಿನ ಯಮನೂರಿನ ಹೆಣ್ಣುಮಕ್ಕಳ ಮೇಲೂ ಲಾಠಿಯ ಏಟು ಬಿದ್ದಿತು. 2018ರ ಆಗಸ್ಟ 14ರಂದು ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿತು. ಆ ಮಂಡಳಿಯ ಮೂವರು ಸದಸ್ಯರೂ ಪುರುಷರು. ಕೊಡ ಹೊತ್ತವಳೂ ಹೆಣ್ಣು, ಏಟು ತಿಂದವಳೂ ಹೆಣ್ಣು. ನೀರನ್ನು ಅಳೆಯುವಲ್ಲಿ ಮಾತ್ರ ಅವಳಿಲ್ಲ! 2000ನೆಯ ಇಸವಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಶಾಂತಿಯ ಮಾತುಕತೆಗಳಲ್ಲಿ ಸ್ತ್ರೀಯರೂ ಭಾಗಿಗಳಾಗಬೇಕೆಂದು ನಿರ್ಣಯಿಸಿದ್ದು ಇಂಥ ಕೊರತೆಯನ್ನು ಕಂಡೇ.

ಕಾನೂನು ಈ ವಿಷಯದಲ್ಲಿ ಬಹಳ ಮುಂದೆ ಬಂದಿದೆ. ಕರ್ನಾಟಕದ 1983ರ ಅಧಿನಿಯಮದಂತೆ 1987ರ ಚುನಾವಣೆಯಲ್ಲಿ ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾದವು. 1993ರಲ್ಲಿ ಮೂರರಲ್ಲೊಂದು ಪಾಲು, 2010ರಲ್ಲಿ ಅರ್ಧ ಪಾಲು ಆಯಿತು. ಆದರೆ ಕುರ್ಚಿ ಬಂದಲ್ಲಿ ಮಾತು ಬಂದಿದೆಯೆ? ಆರಿಸಿ ಬಂದವಳು ಅಡಿಗೆಮನೆಯಲ್ಲಿದ್ದು, ಅವಳ ಗಂಡನೋ ಮೈದುನನೋ ಪಂಚಾಯತಿಯಲ್ಲಿ ಕುಳಿತು, ಸಂಜೆಗೆ ಪುಸ್ತಕವನ್ನು ತಂದು ಸಹಿ ಮಾಡಿಸಿಕೊಳ್ಳುವ ಪದ್ಧತಿಯು ಕೆಲವೆಡೆ ಉಂಟು. ಇದು ಸ್ಥಾನವನ್ನು ಕೊಟ್ಟು ಅನುಭವವನ್ನು ಕಸಿದುಕೊಂಡ ಹಾಗೆ.

ಹೆಂಗಸರಿಗೆ ಲೆಕ್ಕಪತ್ರ ತಿಳಿಯದೆಂದು ಕೆಲವರು ವಾದಿಸುವರು. ಆಯ್ದಕ್ಕಿ ಲಕ್ಕಮ್ಮನ ಕಥೆಯು ಇದಕ್ಕೆ ಉತ್ತರವಾಗಿದೆ. ಗಂಡನಾದ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಿಗೆ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಚೆಲ್ಲಿ ಬರಬೇಕೆಂದು ತಿದ್ದಿದವಳು ಆಕೆಯೇ. ಹಗೇವಿನ ಕಾಳು ಮುಂದಿನ ಸುಗ್ಗಿಯ ವರೆಗೆ ಬಾಳಬೇಕೆಂದು ಎಣಿಸಿ ನಡೆಯುವ ಗೃಹಿಣಿಗೆ ಊರ ಬೊಕ್ಕಸದ ಲೆಕ್ಕವು ಹೊಸದಲ್ಲ.

ಕಡೆಗೆ ಮಠಗಳ ಮಾತು. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಗಳ ಸುತ್ತಲಿನ ಹಳ್ಳಿಗಳಲ್ಲಿ ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ವ್ಯಾಜ್ಯ ಇವು ಕೋರ್ಟಿಗೆ ಹೋಗುವ ಮೊದಲು ಗುರುಗಳ ಪಾದದೆಡೆಗೆ ಬರುವದುಂಟು. ಅಂಥಲ್ಲಿ ಹಿರಿಯರು ಕಂಬಳಿಯ ಮೇಲೆ ಕುಳಿತಿರುತ್ತಾರೆ. ಯಾರ ಬಾಳುವೆಯ ನ್ಯಾಯವೋ ಅವಳು ಬಾಗಿಲ ಮರೆಗೆ ನಿಂತಿರುತ್ತಾಳೆ. ಅವಳನ್ನು ಕೇಳದೆ ಮಾಡಿದ ಸಮಾಧಾನವು ಮೇಲೆ ಬೂದಿ ಮುಚ್ಚಿದ ಕೆಂಡದಂತೆ. ಗಾಳಿ ಬೀಸಿದರೆ ಮತ್ತೆ ಹೊತ್ತುತ್ತದೆ.

ಆದುದರಿಂದ ಈ ಮಹೋತ್ಸವದ ವರ್ಷದಲ್ಲಿ ಸದ್ಭಕ್ತರು ಎರಡು ನೇಮಗಳನ್ನು ಹಿಡಿಯತಕ್ಕದ್ದು. ಒಂದು: ನ್ಯಾಯ ಬಿಡಿಸುವ ಪ್ರತಿಯೊಂದು ಸಭೆಯಲ್ಲಿ ಇಬ್ಬರಾದರೂ ಹಿರಿಯ ತಾಯಂದಿರು ಮುಂದಿನ ಸಾಲಿನಲ್ಲಿ ಕುಳಿತು, ತಮ್ಮ ಮಾತನ್ನು ಹೇಳಿದ ಮೇಲೆಯೇ ತೀರ್ಮಾನವಾಗಬೇಕು. ಎರಡು: ಪಂಚಾಯತಿಗೆ ಆರಿಸಿ ಬಂದ ಸೊಸೆ, ಮಗಳು, ಹೆಂಡತಿಯರು ತಾವೇ ಸಭೆಗೆ ಹೋಗಬೇಕು, ಮನೆಯ ಗಂಡಸರು ಆ ಹೊತ್ತಿಗೆ ಮನೆಯ ಕೆಲಸವನ್ನು ನೋಡಿಕೊಳ್ಳಬೇಕು. ಇದರಲ್ಲಿ ಹೊಸ ಮತವೇನೂ ಇಲ್ಲ. ಇಷ್ಟಲಿಂಗವು ಸ್ತ್ರೀಯ ಕರಸ್ಥಲಕ್ಕೂ ಪುರುಷನ ಕರಸ್ಥಲಕ್ಕೂ ಸಮನಾಗಿ ಬಂದಿದೆ. ಲಿಂಗವನ್ನು ಹಿಡಿಯಲು ಯೋಗ್ಯವಾದ ಕೈಯು ಊರ ನ್ಯಾಯವನ್ನು ತೂಗಲು ಅಯೋಗ್ಯವಾದೀತು ಹೇಗೆ?