ಪರನಾಡಿನಲ್ಲಿ ಸೇವಾವ್ರತ



ಸ್ವದೇಶವನ್ನು ಬಿಟ್ಟು ಪರನಾಡಿಗೆ ತೆರಳಿ ಧರ್ಮಬೋಧೆ ಮಾಡುವವರನ್ನು ಮಿಷನರಿಗಳೆಂದು ಕರೆಯುವುದುಂಟು. ಅವರ ಬೋಧೆಯ ವಿಷಯದಲ್ಲಿ ವಾದಗಳು ಬಹಳ. ಅವರ ದಿನಚರಿಯ ವಿಷಯದಲ್ಲಿ ತಿಳಿವಳಿಕೆ ಅಲ್ಪ. ಈ ಎರಡನೆಯದನ್ನು ಕುರಿತು ನಾವು ನಾಲ್ಕು ಮಾತುಗಳನ್ನು ಅರಿಕೆಮಾಡುವೆವು.

1830ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದಲ್ಲಿ ಹದಿನೆಂಟು ತುಂಬಿದ ಅನೇಕ ತರುಣರು ಎರಡು ವರ್ಷಗಳನ್ನು ಇಂತಹ ಸೇವೆಗೆ ಮುಡಿಪಾಗಿಡುವರು. ಹೋಗಬೇಕಾದ ಊರನ್ನು ಆರಿಸುವ ಸ್ವಾತಂತ್ರ್ಯವು ಅವರಿಗಿಲ್ಲ. ವೆಚ್ಚವು ಬಹುಮಟ್ಟಿಗೆ ಅವರದು, ಇಲ್ಲವೆ ಮನೆಯವರದು. ಬೆಳಗ್ಗೆ 6-30ರ ಸುಮಾರಿಗೆ ಏಳುವುದು, ವ್ಯಾಯಾಮ, ಗ್ರಂಥಪಠನ, ಭಾಷಾಭ್ಯಾಸ. ಅನಂತರ ಊರೊಳಗೆ ಸಂಚಾರ. ಒಂಟಿಯಾಗಿ ಹೊರಡುವಂತಿಲ್ಲ, ಜೊತೆಗಾರನೊಬ್ಬನು ಸದಾ ಇರಬೇಕು. ಬಟ್ಟೆ ಒಗೆಯುವುದಕ್ಕೂ ಮನೆಗೆ ಕಾಗದ ಬರೆಯುವುದಕ್ಕೂ ವಾರದಲ್ಲಿ ಒಂದು ದಿನ ಬಿಡುವು. ಈ ಪಂಥದವರು 1993ರಲ್ಲಿ ಬೆಂಗಳೂರಿನಲ್ಲಿಯೂ ಒಂದು ಮಿಷನ್ನನ್ನು ಏರ್ಪಡಿಸಿದರು.

ಆದರೆ ನಮ್ಮ ಕೋಲಾರದ ಸೀಮೆಗೆ ಪರದೇಶೀಯರ ಸೇವೆಯ ಪರಿಚಯವು ಇದಕ್ಕಿಂತ ನೂರು ವರ್ಷಗಳಿಗೂ ಹಿಂದಿನದು. ಧಾತು, ಈಶ್ವರ ಸಂವತ್ಸರಗಳ ಬರವನ್ನು, ಎಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮವನ್ನು, ಹಿರಿಯರ ಬಾಯಿಂದ ಕೇಳದವರು ವಿರಳ. 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಜೀವನದಿಯಿಲ್ಲದ ತಾಲ್ಲೂಕುಗಳು. ಕೆರೆ ಬತ್ತಿದರೆ ಬಾಳೇ ಬತ್ತಿದಂತೆ. ರೈಲುದಾರಿಯು ಮಾಲೂರನ್ನು ಮುಟ್ಟಿತ್ತು. ಅಲ್ಲಿಂದಾಚೆಗೆ ಧಾನ್ಯವು ಗಾಡಿಯಲ್ಲಿ ಸಾಗಬೇಕು. ಮೇವಿಲ್ಲದ ಎತ್ತುಗಳು ಎಷ್ಟು ದೂರ ಎಳೆದಾವು?

ಆ ದುಷ್ಕಾಲದಲ್ಲಿ ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಮಹಿಳೆಯು ಕೋಲಾರದಲ್ಲಿ ಅನಾಥ ಮಕ್ಕಳಿಗೆ ಆಶ್ರಯವಿತ್ತಳು. ಗಂಜಿ ಕುಡಿಸಿ ಕಳುಹಿದುದಲ್ಲ, ಸಾಕಿ ಬೆಳೆಸಿದಳು. 1890ರಲ್ಲಿ ಆ ಕಾರ್ಯಭಾರವು ಅಮೆರಿಕದ ಮೆಥಡಿಸ್ಟರಿಗೆ ಸೇರಿತು. ಅವರಿಂದ 1910ರಲ್ಲಿ ಎಲೆನ್ ಥೋಬರ್ನ್ ಕೋವೆನ್ ಎಂಬಾಕೆಯ ಸ್ಮಾರಕವಾಗಿ ಕೋಲಾರದಲ್ಲಿ ಆಸ್ಪತ್ರೆಯು ಸ್ಥಾಪಿತವಾಯಿತು. ಜನರು ಅದನ್ನು ಇ.ಟಿ.ಸಿ.ಎಂ. ಆಸ್ಪತ್ರೆಯೆಂದು ಬಲ್ಲರು.

ಇಲ್ಲಿ ಒಂದು ಆಕ್ಷೇಪವೇಳುತ್ತದೆ. ಅನ್ನವನ್ನಿತ್ತ ಕೈಯೇ ಮತವನ್ನೂ ಇತ್ತಿತಲ್ಲವೆ? ಹಸಿದ ಶಿಶುವಿಗೆ ಆಯ್ಕೆಯೆಲ್ಲಿ? ಈ ಆಕ್ಷೇಪವು ನ್ಯಾಯವಾದುದು. ಅದನ್ನು ನಾವು ತಳ್ಳಿಹಾಕುವುದಿಲ್ಲ. ನಿಸ್ಸಹಾಯರಿಗೆ ಮಾಡುವ ಉಪಕಾರಕ್ಕೆ ಫಲಾಪೇಕ್ಷೆಯು ಅಂಟಿದರೆ ಉಪಕಾರದ ತೂಕವು ಅಷ್ಟರ ಮಟ್ಟಿಗೆ ಇಳಿಯುತ್ತದೆ. ಆದರೆ ಆಕ್ಷೇಪಿಸುವವರು ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಬೇಕು. ಸರಕಾರದ ಗಂಜಿಮನೆಗಳಿದ್ದುವು, ಧರ್ಮಿಷ್ಠರ ದಾನವೂ ಇದ್ದಿತು. ಮಳೆ ಬಂದ ಮೇಲೆ ಗಂಜಿಯ ಒಲೆಯು ಆರಿತು. ಅನಾಥ ಬಾಲಕನ ಬಾಲ್ಯವು ಮುಗಿದಿರಲಿಲ್ಲ. ಅವನು ಬೆಳೆಯಬೇಕಾದ ಹತ್ತು ಹನ್ನೆರಡು ವರ್ಷಗಳ ಕಾಲ ದಿನದಿನವೂ ಅವನ ಪಕ್ಕದಲ್ಲಿ ನಿಲ್ಲುವವರು ಯಾರು? ಒಂದು ದಿನದ ದಾನವು ನಮಗೆ ಸುಲಭ. ಪ್ರತಿದಿನದ ಸೇವೆಯು ಕಷ್ಟ.

ಸೇವೆಯ ಮೊದಲ ಮೆಟ್ಟಿಲು ಭಾಷೆ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು 1853ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅವರ ಕನ್ನಡ ನಿಘಂಟು ಅಚ್ಚಾದುದು 1894ರಲ್ಲಿ. ನಡುವಣ ನಾಲ್ವತ್ತೊಂದು ವರ್ಷಗಳನ್ನು ತುಂಬಿದುದು ದಿನದಿನದ ದುಡಿಮೆಯೇ. ಬೋಧಿಸಲು ಬಂದವರು ಕಲಿಯಲು ಕುಳಿತುದರಿಂದ ಕನ್ನಡಿಗರಿಗೆ ಶಾಶ್ವತವಾದ ಲಾಭವಾಯಿತು.

ನಮ್ಮ ಪದವೀಧರರಾದರೋ ಸಮುದ್ರವನ್ನು ದಾಟಬೇಕಾಗಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಿಗೆ ಹೋಗಲು ಬೇಕಾದುದು ಕನ್ನಡದೊಡನೆ ಇಷ್ಟು ತೆಲುಗು. ಅಲ್ಲಿ ಅನೇಕರ ಮನೆಮಾತು ಅದು. ಯಾರ ಮತವನ್ನೂ ಕೇಳದೆ, ಯಾರ ಮತವನ್ನೂ ಬದಲಿಸದೆ, ಎರಡು ವರ್ಷ ಓದು ಕಲಿಸಲು, ರೋಗಿಗಳನ್ನು ಉಪಚರಿಸಲು ತರುಣರು ಹೊರಟರೆ, ಮೇಲಿನ ಆಕ್ಷೇಪಕ್ಕೆ ಅದೇ ತಕ್ಕ ಸಮಾಧಾನ. ಪರರ ನಾಡಿನಿಂದ ಬಂದವರಿಗೆ ಸಾಧ್ಯವಾದುದು ನೆರೆಹಳ್ಳಿಯವರಿಗೆ ಅಸಾಧ್ಯವೆಂದು ನಾವು ನಂಬಲಾರೆವು.