ಕೆಂಪು ಮಣ್ಣಿನೊಳಗಿನ ಹಸಿವು

(ತುಮಕೂರಿನ ಬಟವಾಡಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಬಟವಾಡಿಯಿಂದ ದೇವರಾಯನದುರ್ಗದ ತಪ್ಪಲಿನತ್ತ ನಡೆದರೆ ಹೊಲಗಳಲ್ಲಿ ಕಾಣುವುದು ಬಹುಪಾಲು ಕೆಂಪು ಮಣ್ಣು. ಆ ಕೆಂಪಿಗೆ ಕಾರಣ ಕಬ್ಬಿಣ. ವಿಚಿತ್ರವೆಂದರೆ, ಅದೇ ಮಣ್ಣಿನ ಬ್ಯಾಕ್ಟೀರಿಯಾಗಳು ಕಬ್ಬಿಣಕ್ಕಾಗಿಯೇ ಪರದಾಡಬೇಕಾಗುತ್ತದೆ. ಕಬ್ಬಿಣವು ತುಕ್ಕಿನ ರೂಪದಲ್ಲಿದ್ದು ನೀರಿನಲ್ಲಿ ಸುಲಭವಾಗಿ ಕರಗದು. ಕಣಜ ತುಂಬಿದೆ, ಬೀಗದ ಕೈ ಇಲ್ಲ.

ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಒಂದು ಉಪಾಯ ಕಂಡುಕೊಂಡಿದೆ. ಅದು ಹಳದಿ-ಹಸಿರು ಬಣ್ಣದ ಒಂದು ವಸ್ತುವನ್ನು ಹೊರಸೂಸುತ್ತದೆ. ಸಿಡೆರೋಫೋರ್ ಎಂಬ ವರ್ಗಕ್ಕೆ ಸೇರಿದ ಈ ವಸ್ತು ಕಬ್ಬಿಣವನ್ನು ಹಿಡಿದು ತರುತ್ತದೆ; ತಕ್ಕ ಬಾಗಿಲು ಉಳ್ಳ ಜೀವಾಣು ಮಾತ್ರ ಅದನ್ನು ಒಳಗೆ ಸೇರಿಸಿಕೊಳ್ಳಬಲ್ಲದು. ತಾವು ಏನನ್ನೂ ತಯಾರಿಸದೆ ಬಾಗಿಲನ್ನಷ್ಟೇ ಇಟ್ಟುಕೊಂಡು ಪರರ ದುಡಿಮೆಯನ್ನು ಉಣ್ಣುವ ಜಾತಿಗಳೂ ಉಂಟು. (ಇಂಥವರು ಮಣ್ಣಿನ ಮೇಲೂ ಅಪರೂಪವಲ್ಲ.) ಬೇರಿನ ಸುತ್ತಲಿನ ಸ್ಯೂಡೋಮೊನಾಸ್ ಹೀಗೆ ಕಬ್ಬಿಣವನ್ನು ಕಸಿದು ರೋಗಾಣುಗಳನ್ನು ಹಸಿವಿಗೆ ದೂಡುತ್ತದೆಂದು 1980ರಲ್ಲಿ ಅಮೆರಿಕದ ಕ್ಲೋಪರ್ ಮತ್ತು ಸಂಗಡಿಗರು ತೋರಿಸಿದರು. ಮಣ್ಣಿಗೆ ಕಬ್ಬಿಣ ಬೆರೆಸಿದಾಗ ರೋಗ ತಡೆಯುವ ಶಕ್ತಿ ಕುಂದಿತು.

ಹುಳಿ ಮಣ್ಣಿನಲ್ಲಿ ಕಬ್ಬಿಣ ತುಸು ಹೆಚ್ಚು ಕರಗುವುದರಿಂದ ಈ ಪೈಪೋಟಿ ಎಲ್ಲೆಡೆ ಒಂದೇ ತೀವ್ರತೆಯದಲ್ಲ. ಅದಕ್ಕಿಂತ ದೊಡ್ಡ ಕಾದಾಟ ಇಂಗಾಲದ್ದು, ಅಂದರೆ ಕೊಳೆಯುವ ಎಲೆ, ಸಗಣಿ ಮತ್ತು ಬೇರು ಒಸರುವ ಸಿಹಿಗಾಗಿ ನಡೆಯುವುದು. ಸಾವಯವ ಅಂಶ ಕಡಿಮೆಯಾದ ಹೊಲದಲ್ಲಿ ಬಹುಪಾಲು ಜೀವಾಣುಗಳು ಅರೆಹೊಟ್ಟೆಯಲ್ಲಿ ಮಲಗಿರುತ್ತವೆ.

ಇಂಥ ಹೊಲಕ್ಕೆ ಪೊಟ್ಟಣದ ಬ್ಯಾಕ್ಟೀರಿಯಾ ಬರುತ್ತದೆ. ಪಾವಗಡದ ಕಡಲೆಕಾಯಿ ಬೀಜಕ್ಕೆ ರೈಜೋಬಿಯಂ ಪುಡಿ ಲೇಪಿಸಿದರೆನ್ನಿ. ಆ ಮಣ್ಣಿನಲ್ಲಿ ಅದರ ದಾಯಾದಿಗಳು ಮೊದಲೇ ನೆಲೆಸಿರುತ್ತವೆ. ಬಿಸಿಲು, ಬರ, ಹಸಿವು ಅವಕ್ಕೆ ರೂಢಿ. ಬೇರಿನ ಗಂಟುಗಳಲ್ಲಿ ಹೆಚ್ಚಿನವನ್ನು ಅವೇ ಆಕ್ರಮಿಸುವುದುಂಟು. ಆದುದರಿಂದ ಗಂಟುಗಳ ಎಣಿಕೆಯೊಂದೇ ಪೊಟ್ಟಣದ ಯಶಸ್ಸಿಗೆ ಸಾಕ್ಷಿಯಾಗದು. ತಪ್ಪಲಿನ ತರಗೆಲೆಗೆ ಬೆಂಕಿಯಿಟ್ಟು, ತಿಪ್ಪೆಯ ಗೊಬ್ಬರವನ್ನು ಲಾರಿಗೆ ಹೇರಿ ಕಳಿಸಿ, ಬಳಿಕ ಅಂಗಡಿಯಿಂದ ಪೊಟ್ಟಣ ತರುವುದು ಒಲೆ ಹೊತ್ತದ ಮನೆಗೆ ನೆಂಟರನ್ನು ಕರೆದಂತೆ. ಸ್ಯೂಡೋಮೊನಾಸ್ ಪುಡಿಯನ್ನು ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ, ನೆರಳಿನಲ್ಲಿ ತೇವವಾಗಿ ಕೆಲವು ದಿನ ಇಟ್ಟು ಹಾಕಬೇಕೆನ್ನುವುದು ಈ ಕಾರಣಕ್ಕೇ.

ವಿದ್ಯಾರ್ಥಿಗಳು ಮುಂಗಾರಿನಲ್ಲಿ, ಬಿತ್ತಿದ ಸುಮಾರು 40 ದಿನಕ್ಕೆ, ಒಂದು ಕಡಲೆಕಾಯಿ ಗಿಡವನ್ನು ಮಣ್ಣುಸಹಿತ ಅಗೆದು ಗಂಟುಗಳನ್ನು ಸೀಳಿ ನೋಡಬೇಕು. ಒಳಗೆ ರಕ್ತದಂತೆ ಕೆಂಪಗಿದ್ದರೆ ಸಾರಜನಕ ಕೂಡಿಸುವ ಕೆಲಸ ನಡೆದಿದೆ. ಬೆಳ್ಳಗಿದ್ದರೆ ಅಲ್ಲಿ ನೆಲೆಸಿರುವವು ಗಿಡದ ಅನ್ನವನ್ನು ಉಣ್ಣುತ್ತಿವೆಯೇ ಹೊರತು ಗಿಡಕ್ಕೆ ಹೆಚ್ಚೇನನ್ನೂ ಕೊಡುತ್ತಿಲ್ಲ.